ಬಿರುಗಾಳಿ ಎತ್ತಿ ಇಳಿಸಿದ ಓಕ್ ಮರ

ಸಿವಿಲ್ ಬ್ರಾಂಚಿನವರಿಗೆ ಮಣ್ಣು ಗಟ್ಟಿಯಾದಷ್ಟೂ ಖುಷಿ. ಮರಕ್ಕೆ ಹಾಗಲ್ಲ. ಈ ಎರಡರ ಜಗಳ ಏನು ಅಂತ ತಿಳಿಯೋದಕ್ಕೆ ಒಂದು ಹಳೇ ಓಕ್ ಮರವನ್ನು ನೋಡೋಣ.

ಮರ ಇರೋದು ಲಂಡನ್ನಿನ ಕ್ಯೂ ಸಸ್ಯೋದ್ಯಾನದಲ್ಲಿ. 2003ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ತೋಟ ಅದು. ನಮ್ಮ ಲಾಲ್‌ಬಾಗನ್ನು ಬೆಳೆಸಿದ ಕೃಂಬಿಗಲ್ ಕೂಡ ಅಲ್ಲಿ ಕೆಲಸ ಮಾಡಿ ಬಂದವರೇ. ಮರದ ಹೆಸರು ಟರ್ನರ್ಸ್ ಓಕ್. ವರ್ಷವಿಡೀ ಹಸಿರಾಗಿರುವ ಹೋಮ್ ಓಕ್ ಮತ್ತು ಚಳಿಗಾಲದಲ್ಲಿ ಎಲೆ ಉದುರಿಸುವ ಇಂಗ್ಲಿಷ್ ಓಕ್ ಸೇರಿ ಹುಟ್ಟಿದ ಅಪರೂಪದ ಮಿಶ್ರತಳಿ. 18ನೇ ಶತಮಾನದಲ್ಲಿ ಸ್ಪೆನ್ಸರ್ ಟರ್ನರ್ ಎಂಬ ನರ್ಸರಿಯವರ ಬಳಿ ಬೆಳೆದದ್ದರಿಂದ ಆ ಹೆಸರು. ಕ್ಯೂನ ಈ ಗಿಡ ನೆಟ್ಟದ್ದು 1798ರಲ್ಲಿ.

1980ರ ದಶಕದ ಹೊತ್ತಿಗೆ ಮರ ಸೊರಗಿತ್ತು. 1987ರ ಅಕ್ಟೋಬರ್ 16ರ ಬೆಳಗಿನ ಜಾವ ಭಾರಿ ಬಿರುಗಾಳಿ ಬೀಸಿ ಕ್ಯೂನಲ್ಲಿ ಸುಮಾರು 700 ಮರ ಹೋದವು. ಈ ಓಕನ್ನು ಮಾತ್ರ ಗಾಳಿ ಬೇರುಸಮೇತ ಮೇಲೆತ್ತಿ, ಅದೇ ಗುಂಡಿಗೆ ವಾಪಸ್ ಇಳಿಸಿತು! ಇನ್ನು ಉಳಿಯೋದಿಲ್ಲ ಅಂದುಕೊಂಡು ಊರುಗೋಲು ಕೊಟ್ಟು ನಿಲ್ಲಿಸಿದರು. ಕೆಲವು ವರ್ಷ ಕಳೆದು ನೋಡಿದರೆ ಮರ ಮೊದಲಿಗಿಂತ ಚೆನ್ನಾಗಿ ಚಿಗುರಿತ್ತು.

ಯಾಕೆ? ಇನ್ನೂರು ವರ್ಷ ಜನ ಓಡಾಡಿ ಬುಡದ ಮಣ್ಣು ಅಮುಕಿಹೋಗಿತ್ತು. ಬಿರುಗಾಳಿ ಅದನ್ನು ಅಲುಗಾಡಿಸಿ ಸಡಿಲ ಮಾಡಿತು. ಟೋನಿ ಕರ್ಕ್‌ಹ್ಯಾಮ್ ಮತ್ತು ತಂಡದವರು ಇದನ್ನೇ ಪಾಠವಾಗಿಟ್ಟುಕೊಂಡು, ಬೇರೆ ಹಳೇ ಮರಗಳ ಬುಡಕ್ಕೂ ಒತ್ತಡದಲ್ಲಿ ಗಾಳಿ ಹೊಡೆದು ಮಣ್ಣು ಸಡಿಲಿಸತೊಡಗಿದರು.

ಈಗ ನಮ್ಮ ಲ್ಯಾಬಿಗೆ ಬನ್ನಿ. ಪ್ರಾಕ್ಟರ್ ಟೆಸ್ಟಿನಲ್ಲಿ 2.6 ಕೆಜಿ ರ್‍ಯಾಮರನ್ನು 310 ಮಿ.ಮೀ. ಎತ್ತರದಿಂದ ಬೀಳಿಸಿ, ಮೂರು ಪದರಕ್ಕೂ 25 ಏಟು ಹಾಕ್ತೀವಿ. ಉದ್ದೇಶ ಒಂದೇ: ಕಣಗಳ ನಡುವಿನ ಗಾಳಿಯನ್ನು ಹೊರಗೆ ಹಾಕೋದು. ಮರಕ್ಕೆ ಬೇಕಾದದ್ದು ಆ ಗಾಳಿಯೇ. ಒಳ್ಳೇ ಮಣ್ಣಿನ ಗಾತ್ರದಲ್ಲಿ ಅರ್ಧದಷ್ಟು ಖಾಲಿ ಜಾಗ. ಅದರಲ್ಲಿ ಗಾಳಿ, ನೀರು ಹಂಚಿಕೊಂಡಿರುತ್ತವೆ. ಬೇರು ಉಸಿರಾಡೋದು ಅಲ್ಲಿಂದ. ಜೇಡಿಮಣ್ಣಿನ ಒಣ ಸಾಂದ್ರತೆ ಘನ ಸೆಂ.ಮೀ.ಗೆ ಸುಮಾರು 1.5 ಗ್ರಾಂ, ಮರಳು ಮಣ್ಣಿನದು 1.8 ಗ್ರಾಂ ದಾಟಿತೆಂದರೆ ಬೇರು ಒಳಗೆ ನುಗ್ಗೋದೇ ಕಷ್ಟ. ರಸ್ತೆಗೆ ಪಾಸಾದ ಮಣ್ಣು ಮರಕ್ಕೆ ಫೇಲ್!

ಇನ್ನೊಂದು ತೊಂದರೆ, ಏಟು ಬಿದ್ದ ತಕ್ಷಣ ಮರ ಏನೂ ಹೇಳೋದಿಲ್ಲ. ಕಟ್ಟಡ ಮುಗಿದು ಕಂಟ್ರಾಕ್ಟರ್ ಹೋಗಿ ವರ್ಷಗಳಾದ ಮೇಲೆ ತುದಿಯ ಕೊಂಬೆ ಒಣಗುತ್ತದೆ. ಆಗ ನಾವು ಹುಳು ಹಿಡಿದಿದೆ ಅಂತೀವಿ.

ಹಾಗಾಗಿ ಸೈಟಿಗೆ ಹೋದಾಗ ಮೂರು ವಿಷಯ ಗಮನಿಸೋಣ. ಕೆಲಸ ಶುರುವಾಗೋ ಮುಂಚೆಯೇ, ಕೊಂಬೆ ಚಾಚಿದಷ್ಟು ದೂರಕ್ಕೆ ಬೇಲಿ ಬಿದ್ದಿದೆಯಾ? ಜಲ್ಲಿ, ಎಂ-ಸ್ಯಾಂಡ್ ರಾಶಿ ಮರದ ಬುಡದಲ್ಲಿದೆಯಾ? ಉದುರಿದ ಎಲೆಯನ್ನು ಗುಡಿಸಿ ಸುಡೋ ಬದಲು ಬುಡಕ್ಕೇ ಹಾಕ್ತಿದ್ದಾರಾ? ಹಾಂ, ನೆರಳು ಅಂತ ನಾವೇ ಬೈಕ್ ನಿಲ್ಲಿಸೋದೂ ಅದೇ ಬುಡದಲ್ಲಿ. ಪ್ರತಿ ಮರಕ್ಕೂ ಒಂದು ಬಿರುಗಾಳಿ ಬಂದು ಎತ್ತಿ ಇಳಿಸೋದಿಲ್ಲ.