ಹಳೆಯ ರಿವಾಲ್ವರಿನ ವಯಸ್ಸನ್ನು ಅರಿಯುವ ಬಗೆ

ನಾಣ್ಯಗಳನ್ನೂ ಅಂಚೆಚೀಟಿಗಳನ್ನೂ ಕೂಡಿಡುವವರಿರುವಂತೆ ಹಳೆಯ ರಿವಾಲ್ವರುಗಳನ್ನು ಕೂಡಿಡುವವರೂ ಉಂಟು. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಇಂಥವರು ಬಹಳ. ನೋಟಕ್ಕೆ ಒಂದೇ ತೆರನಾಗಿರುವ ಎರಡು ಆಯುಧಗಳಲ್ಲಿ ಒಂದು ಇನ್ನೊಂದರ ಹಲವು ಪಟ್ಟು ಬೆಲೆಗೆ ಮಾರಾಟವಾಗುವುದು ಅಲ್ಲಿ ಸಾಮಾನ್ಯ. ಹೀಗಿರುವಲ್ಲಿ ಮೋಸವೂ ನಡೆಯುತ್ತದೆಂದು ಬೇರೆ ಹೇಳಬೇಕಾಗಿಲ್ಲ. ನಮ್ಮ ದೇಶದಲ್ಲಿ 1959ರ ಆಯುಧ ಕಾಯಿದೆಯ ಪ್ರಕಾರ ಪರವಾನಗಿಯಿಲ್ಲದೆ ರಿವಾಲ್ವರನ್ನು ಇಟ್ಟುಕೊಳ್ಳುವಂತಿಲ್ಲ; ಆದರೂ ಲೋಹವೊಂದು ತನ್ನ ಚರಿತ್ರೆಯನ್ನು ಹೇಗೆ ಹೇಳುತ್ತದೆ ಎಂಬುದನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ಪಾಠ ವಿದ್ಯಾರ್ಥಿಗಳಿಗೆ ದೊರೆಯುವುದು ಕಷ್ಟ.

ಕನೆಕ್ಟಿಕಟ್ ಪ್ರಾಂತದ ಹಾರ್ಟ್‌ಫರ್ಡ್ ನಗರದ ಕೋಲ್ಟ್ ಕಂಪನಿಯವರು 1873ರಲ್ಲಿ ತಯಾರಿಸತೊಡಗಿದ 'ಸಿಂಗಲ್ ಆಕ್ಷನ್ ಆರ್ಮಿ' ಎಂಬ ಮಾದರಿಯನ್ನು ತೆಗೆದುಕೊಳ್ಳೋಣ. ಆರು ತೋಟಾಗಳನ್ನು ಹಿಡಿಯುವ ತಿರುಗುವ ಸಿಲಿಂಡರು, 0.45 ಅಂಗುಲದ ಗುಂಡು. ಒಂದರಿಂದ ಆರಂಭವಾದ ಇದರ ಕ್ರಮಸಂಖ್ಯೆ 1940ರ ಹೊತ್ತಿಗೆ ಮೂರೂವರೆ ಲಕ್ಷವನ್ನು ದಾಟಿತ್ತು. ಯಾವ ಸಂಖ್ಯೆ ಯಾವ ವರ್ಷದ್ದೆಂಬ ಪಟ್ಟಿಗಳಿವೆ. ಹಾಗಿದ್ದ ಮೇಲೆ ಸಂಖ್ಯೆಯನ್ನು ಓದಿದರೆ ವಯಸ್ಸು ತಿಳಿದಂತಾಯಿತಲ್ಲವೆ?

ಅಷ್ಟು ಸುಲಭವಲ್ಲ. ಸಂಖ್ಯೆಯನ್ನು ತಿದ್ದಬಹುದು, ಬೇರೊಂದರ ಬಿಡಿಭಾಗವನ್ನು ತಂದು ಜೋಡಿಸಬಹುದು. 1898ರಲ್ಲಿ ಅಥವಾ ಅದಕ್ಕೆ ಮೊದಲು ತಯಾರಾದವನ್ನು ಅಮೆರಿಕದ ಕಾನೂನು ಪುರಾತನ ವಸ್ತುವೆಂದು ಬೇರೆಯಾಗಿ ಎಣಿಸುವುದರಿಂದ, ಸಂಖ್ಯೆಯನ್ನು ಹಿಂದಕ್ಕೆ ತಳ್ಳುವ ಆಸೆ ಕೆಲವರಿಗೆ ಹುಟ್ಟುತ್ತದೆ. ಆದಕಾರಣ ಸಂಖ್ಯೆ ಹೇಳಿದ ಮಾತಿಗೆ ಉಳಿದ ಅಂಗಗಳ ಸಾಕ್ಷ್ಯ ಬೇಕು.

ಚೌಕಟ್ಟಿನ ಪಕ್ಕದಲ್ಲಿ 1871, 1872 ಎಂಬ ವರ್ಷಗಳನ್ನು ಕಂಡು ಹೊಸಬರು ಹಿಗ್ಗುವುದುಂಟು. ಅವು ಪೇಟೆಂಟ್ ದೊರೆತ ದಿನಗಳೇ ಹೊರತು ಆಯುಧ ಹುಟ್ಟಿದ ದಿನಗಳಲ್ಲ. ಮೂರನೆಯ ಪೇಟೆಂಟಿನ ದಿನ 1875ರ ಜನವರಿ 19. ಈ ಮೂರನೆಯ ದಿನಾಂಕವಿರುವ ಚೌಕಟ್ಟಿನ ಮೇಲೆ 1874ಕ್ಕೆ ಸೇರಿದ ಸಂಖ್ಯೆಯಿದ್ದರೆ ಅದನ್ನು ಅಲ್ಲಿಗೇ ಬಿಟ್ಟುಬಿಡುವುದು ಲೇಸು. ಸಿಲಿಂಡರಿನ ನಡುವಣ ಕಡ್ಡಿಯನ್ನು ಹಿಡಿದಿಡುವ ಏರ್ಪಾಡೂ ಹೀಗೆಯೇ ಸಾಕ್ಷಿ ನುಡಿಯುತ್ತದೆ. ಮೊದಲಿನವುಗಳಲ್ಲಿ ಚೌಕಟ್ಟಿನ ಮುಂಭಾಗದಿಂದ ಬಿಗಿದ ಒಂದು ತಿರುಪು. 1890ರ ದಶಕದಲ್ಲಿ ಅದರ ಬದಲು ಅಡ್ಡಲಾಗಿ ಒತ್ತುವ ಸ್ಪ್ರಿಂಗಿನ ಚಿಲಕ ಬಂದಿತು.

ಚೌಕಟ್ಟು, ಟ್ರಿಗರಿನ ಕಾವಲುಪಟ್ಟಿ, ಹಿಡಿಯ ಬೆನ್ನುಪಟ್ಟಿ — ಈ ಮೂರರ ಮೇಲೂ ಒಂದೇ ಸಂಖ್ಯೆಯಿರಬೇಕೆಂಬುದು ನಿಯಮ. ಇದಕ್ಕೆ ಸ್ವಾರಸ್ಯವಾದ ಅಪವಾದವೊಂದಿದೆ. 1890ರ ದಶಕದಲ್ಲಿ ಸೇನೆಯವರು ತಮ್ಮಲ್ಲಿದ್ದ ರಿವಾಲ್ವರುಗಳ ಏಳೂವರೆ ಅಂಗುಲದ ನಳಿಗೆಗಳನ್ನು ಐದೂವರೆ ಅಂಗುಲಕ್ಕೆ ಕತ್ತರಿಸಿದರು. ಬಿಚ್ಚಿದ ಭಾಗಗಳನ್ನು ಮತ್ತೆ ಜೋಡಿಸುವಾಗ ಸಂಖ್ಯೆಗಳನ್ನು ಲೆಕ್ಕಿಸಲಿಲ್ಲ. 'ಆರ್ಟಿಲರಿ' ಎಂದು ಕರೆಯುವ ಇವುಗಳಲ್ಲಿ ಸಂಖ್ಯೆಗಳು ಬೆರೆತಿರುವುದೇ ವಾಡಿಕೆ. ಎಲ್ಲವೂ ಕೂಡಿಬಂದಿದ್ದರೆ ಇನ್ನಷ್ಟು ಎಚ್ಚರದಿಂದ ನೋಡಬೇಕು!

ಇನ್ನು ಬಣ್ಣದ ವಿಚಾರ. ತಿಕ್ಕಿ ಹೊಳಪಿಸಿದ ಉಕ್ಕನ್ನು ಗಾಳಿಯಲ್ಲಿ ಕಾಯಿಸಿದರೆ ಸುಮಾರು 220 ಡಿಗ್ರಿ ಸೆಂಟಿಗ್ರೇಡಿನಲ್ಲಿ ಒಣಹುಲ್ಲಿನ ಬಣ್ಣವೂ 300ರ ಸುಮಾರಿನಲ್ಲಿ ನೀಲಿಯೂ ಮೂಡುತ್ತವೆ. ಇದು ಬಳಿದ ಬಣ್ಣವಲ್ಲ. ಮೇಲ್ಮೈಯಲ್ಲಿ ಹುಟ್ಟಿದ ಅತಿ ತೆಳುವಾದ ಆಕ್ಸೈಡಿನ ಪೊರೆಯ ಎರಡು ಮುಖಗಳಿಂದ ಪ್ರತಿಫಲಿಸಿದ ಬೆಳಕಿನ ಅಲೆಗಳು ಕೂಡುವುದರಿಂದಲೂ ಕಳೆಯುವುದರಿಂದಲೂ, ಸಾಬೂನಿನ ಗುಳ್ಳೆಯಲ್ಲಿ ಆಗುವಂತೆಯೇ, ಬಣ್ಣ ಕಾಣುತ್ತದೆ. ಕೋಲ್ಟಿನ ತಿರುಪುಗಳ ನೀಲಿ ಹೀಗೆ ಕಾಯಿಸಿ ಪಡೆದದ್ದು. ಇಂಥ ಪೊರೆ ನೂರು ವರ್ಷ ಬೆವರು, ಚರ್ಮದ ಚೀಲ, ಗಾಳಿಗಳಿಗೆ ಸಿಕ್ಕಿ ಸವೆಯದೆ ಉಳಿಯುವುದು ಅಪರೂಪ. ನಳಿಗೆಯ ತುದಿಯ ಅಂಚುಗಳು ಸವೆದಿದ್ದು ಬಣ್ಣ ಮಾತ್ರ ಹೊಚ್ಚ ಹೊಸದಾಗಿದ್ದರೆ ಯಾರೋ ಮತ್ತೆ ಉಜ್ಜಿ ಬಣ್ಣವೇರಿಸಿದ್ದಾರೆಂದೇ ಅರ್ಥ. ಉಜ್ಜಿದಾಗ ಅಕ್ಷರಗಳು ಆಳವಿಲ್ಲದಂತಾಗುತ್ತವೆ, ತಿರುಪಿನ ರಂಧ್ರಗಳ ಅಂಚು ತಟ್ಟೆಯಂತೆ ತಗ್ಗುತ್ತದೆ. ಒಂದು ಭೂತಗನ್ನಡಿ, ಓರೆಯಾಗಿ ಬೀಳುವ ಬೆಳಕು — ಇಷ್ಟಿದ್ದರೆ ಸಾಕು, ಇವೆಲ್ಲ ಕಾಣುತ್ತವೆ. ಸವೆದ ಹಳೆಯ ಮೈಯೇ ಹೊಸ ಹೊಳಪಿಗಿಂತ ಹೆಚ್ಚು ಬೆಲೆ ತರುವುದು ಈ ಕಾರಣದಿಂದಲೇ. ಅದು ನ್ಯಾಯವೆಂದೇ ನಮ್ಮ ಎಣಿಕೆ.

ಸಂಖ್ಯೆಯನ್ನು ಅರದಿಂದ ಪೂರ್ತಿಯಾಗಿ ಉಜ್ಜಿ ಅಳಿಸಿದ್ದರೆ? ಅಚ್ಚನ್ನು ಸುತ್ತಿಗೆಯಿಂದ ಹೊಡೆದಾಗ ಗುಂಡಿ ಬೀಳುವುದಷ್ಟೇ ಅಲ್ಲ, ಅದರ ಅಡಿಯಲ್ಲಿರುವ ಸ್ಫಟಿಕಕಣಗಳೂ ಹಿಸುಕಿ ವಿಕಾರವಾಗುತ್ತವೆ. ಗುಂಡಿಯ ತಳದವರೆಗೆ ಉಜ್ಜಿದರೂ ಆ ವಿಕಾರ ಕೆಳಗೆ ಉಳಿದಿರುತ್ತದೆ. ಅಲ್ಲಿ ಶಕ್ತಿ ಹೆಚ್ಚಾಗಿ ಅಡಗಿರುವುದರಿಂದ ಆಮ್ಲದ ವರ್ತನೆ ಸುತ್ತಲಿನ ಲೋಹದಲ್ಲಿರುವಂತೆ ಇರುವುದಿಲ್ಲ. ಕನ್ನಡಿಯಂತೆ ನುಣುಪುಗೊಳಿಸಿದ ಉಕ್ಕಿನ ಮೇಲೆ ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಕರಗಿಸಿದ ತಾಮ್ರದ ಕ್ಲೋರೈಡನ್ನು ಸವರಿದರೆ ಅಳಿದ ಅಂಕೆಗಳು ನೆರಳಿನಂತೆ ಮೇಲೆದ್ದು ಬರುತ್ತವೆ. ಅಪರಾಧ ಪತ್ತೆಯ ಪ್ರಯೋಗಾಲಯಗಳಲ್ಲಿ ಇದು ನಿತ್ಯದ ಕೆಲಸ. ಇನ್ನೂ ಆಳಕ್ಕೆ ಉಜ್ಜಿದ್ದರೆ, ಅಥವಾ ಕೆಂಪಗೆ ಕಾಯಿಸಿದ್ದರಿಂದ ಕಣಗಳು ಹೊಸದಾಗಿ ಕಟ್ಟಿಕೊಂಡಿದ್ದರೆ ಏನೂ ಕಾಣದು. ಮೇಲ್ಮೈಯನ್ನು ಕೆಡಿಸುವ ಈ ಪರೀಕ್ಷೆಯನ್ನು ಕೊಳ್ಳುವವನು ಮಾಡಲಾರ. ಅವನು ಕಂಪನಿಯ ಹಳೆಯ ದಾಖಲೆಗಳಿಂದ ಆಯುಧ ಹೊರಬಿದ್ದ ದಿನ, ನಳಿಗೆಯ ಉದ್ದ, ಮೈಬಣ್ಣಗಳನ್ನು ತಿಳಿಸುವ ಪತ್ರವನ್ನು ಪಡೆದು ತಾಳೆ ನೋಡುತ್ತಾನೆ.

ಹೀಗೆ ಅಸಲೆಂದು ಗೊತ್ತಾದರೂ ಅದನ್ನು ಹಾರಿಸಬಹುದೆಂದಲ್ಲ. ಮೊದಲಿನ ಚೌಕಟ್ಟುಗಳು ಕಪ್ಪು ಮದ್ದಿಗಾಗಿ ಮಾಡಿದಂಥವು. ಹೊಗೆಯಿಲ್ಲದ ಮದ್ದಿಗೆ ಕಂಪನಿ ಭರವಸೆ ಕೊಟ್ಟದ್ದು 1900ರ ಸುಮಾರಿಗೆ, ಸಂಖ್ಯೆ 1,92,000ದ ಆಸುಪಾಸಿನಿಂದ. ಹೊಸ ಮದ್ದಿನ ಒತ್ತಡಕ್ಕೆ ಹಳೆಯ ಸಿಲಿಂಡರು ಸಿಡಿದರೆ ಚೂರುಗಳು ಹಾರುವುದು ಹಿಡಿದವನ ಮುಖದ ಕಡೆಗೇ.