ಬೋರ್ಡು ಓದಿ ನಾಟಕಕ್ಕೆ ಹೋದೆವು

ಸುಗ್ಗಿ ಮುಗಿದಿತ್ತು. ಜೋಳ ಮನೆ ಸೇರಿತ್ತು. ಬಿಸಿಲು ಏರಿತ್ತು. ಊರ ಜಾತ್ರೆ ಹತ್ತಿರ ಬಂದಿತ್ತು. ಅಗಸಿಯ ಹೊರಗೆ ಬಯಲಿನಲ್ಲಿ ಕಂಬ ನೆಟ್ಟರು. ತಗಡು ಹೊದಿಸಿದರು. "ನಾಟಕ ಕಂಪನಿ ಬಂತು!" ಎಂದು ಮಕ್ಕಳು ಓಣಿ ತುಂಬ ಕೂಗಿದರು.

ನಮಗೆಲ್ಲ ನಾಟಕ ಅಂದರೆ ಜೀವ. ನಾಟಕದ ಹಾಡು ಅಂದರೆ ಇನ್ನೂ ಜೀವ. ಕಳೆ ತೆಗೆಯುವಾಗ ಅದೇ ಹಾಡು. ರೊಟ್ಟಿ ಬಡಿಯುವಾಗ ಅದೇ ಹಾಡು. ನಮ್ಮ ಓಣಿಯ ದೊಡ್ಡವ್ವನಿಗಂತೂ ನೂರು ಹಾಡು ಬಾಯಿಗೆ ಬರುತ್ತವೆ. ಸಣ್ಣವಳಿದ್ದಾಗ ಅವಳನ್ನು ನಾಟಕಕ್ಕೆ ಕಳಿಸುತ್ತಿರಲಿಲ್ಲ. "ಹೆಣ್ಣುಮಕ್ಕಳಿಗೆ ಯಾತರ ನಾಟಕ?" ಅನ್ನುತ್ತಿದ್ದರು. ಅವಳು ಮಾಳಿಗೆ ಹತ್ತಿ ಕೂಡುತ್ತಿದ್ದಳು. ಗಾಳಿಯಲ್ಲಿ ತೇಲಿ ಬಂದ ಹಾಡು ಕೇಳಿಯೇ ಕಲಿತಳು.

ಹಾಡು ಬರುತ್ತಿತ್ತು. ಅಕ್ಷರ ಬರುತ್ತಿರಲಿಲ್ಲ. ಗೋಡೆಯ ಮೇಲಿನ ಕಾಗದದಲ್ಲಿ ನಮಗೆ ಬಣ್ಣ ಮಾತ್ರ ಕಾಣುತ್ತಿತ್ತು. ಯಾವ ನಾಟಕ ಎಂದು ಗಂಡಸರನ್ನೇ ಕೇಳಬೇಕಿತ್ತು.

ಒಂದು ವರ್ಷ ಹಾಗೇ ಕೇಳಿದೆವು. "ಹೇಮರೆಡ್ಡಿ ಮಲ್ಲಮ್ಮ ಐತಿ, ಹೋಗ್ರಿ" ಎಂದು ಒಬ್ಬ ಹೇಳಿದ. ಕೂಲಿಯ ದುಡ್ಡು ಕೊಟ್ಟು ಒಳಗೆ ಹೋದೆವು. ಮಲ್ಲಮ್ಮ ಬರಲೇ ಇಲ್ಲ. ಬಂದದ್ದು ಎರಡು ಅರ್ಥದ ಮಾತು, ಹೆಣ್ಣನ್ನು ಹಂಗಿಸುವ ನಗೆ. ನಾವು ತಲೆ ತಗ್ಗಿಸಿ ಎದ್ದು ಬಂದೆವು. ಹೊರಗೆ ಆ ಮನುಷ್ಯ ನಗುತ್ತ ನಿಂತಿದ್ದ. ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಮರುವಾರ ದೊಡ್ಡವ್ವನೇ ಮೊದಲು ಕಲಿಕಾ ಕೇಂದ್ರಕ್ಕೆ ಬಂದಳು. "ನನಗ ಬ್ಯಾರೆ ಏನೂ ಬ್ಯಾಡ. ನಾಟಕದ ಬೋರ್ಡ್ ಓದಾಕ ಕಲಸ್ರಿ" ಅಂದಳು.

ಅಕ್ಕ ತಂಗಿಯರೇ, ಈ ಹಾಡಿನ ನಾಟಕ ನಮ್ಮ ನಾಡಿಗೆ ಹೇಗೆ ಬಂತು? ಕೇಂದ್ರದಲ್ಲಿ ನಾವು ಓದಿ ತಿಳಿದದ್ದನ್ನು ಹೇಳುತ್ತೇವೆ.

1870ರ ದಶಕ. ಆಗ ಧಾರವಾಡ, ಗದಗಿನ ಕಡೆ ಮರಾಠಿ ನಾಟಕಗಳೇ ಹೆಚ್ಚು. ಶಾಂತಕವಿಗಳು ಎಂಬ ಶಾಲಾ ಮಾಸ್ತರರು ಕನ್ನಡದಲ್ಲಿ ನಾಟಕ ಬರೆದರು. ಗದಗಿನಲ್ಲಿ ಮಂಡಳಿ ಕಟ್ಟಿ ಆಡಿಸಿದರು. 1884ರಲ್ಲಿ ಗುಬ್ಬಿ ಕಂಪನಿ ಹುಟ್ಟಿತು. ಗುಬ್ಬಿ ವೀರಣ್ಣನವರು ಅದನ್ನು ಬಹಳ ದೊಡ್ಡದು ಮಾಡಿದರು. ಅವರ 'ಕುರುಕ್ಷೇತ್ರ' ನಾಟಕದಲ್ಲಿ ನಿಜವಾದ ಆನೆ, ಕುದುರೆ ರಂಗದ ಮೇಲೆ ಬಂದವು. ನಟ ರಾಜ್‌ಕುಮಾರ್ ಸಿನಿಮಾಕ್ಕೆ ಬರುವ ಮೊದಲು ಇದೇ ಕಂಪನಿಯಲ್ಲಿದ್ದರು.

ಆಗ ಮೈಕು ಇರಲಿಲ್ಲ. ಕೊನೆಯ ಸಾಲಿಗೂ ಕೇಳುವಂತೆ ಹಾಡಬೇಕಿತ್ತು. ಅದಕ್ಕೇ ನಾಟಕದ ಹಾಡಿಗೆ ಏರುದನಿ. ಹಾರ್ಮೋನಿಯಂ ಮಾಸ್ತರರು ಕಾಲಿನಿಂದ ಗಾಳಿ ತುಂಬಿ, ಎರಡೂ ಕೈಯಿಂದ ನುಡಿಸುತ್ತಿದ್ದರು. ಅದನ್ನು ಕಾಲುಪೆಟ್ಟಿಗೆ ಅನ್ನುತ್ತಾರೆ. ಮೊದಲು ನಾಂದಿ ಪದ. ಆಮೇಲೆ ಕಥೆ. ಹಾಡು ಹಿಡಿಸಿದರೆ ಜನ "ಒನ್ಸ್ ಮೋರ್" ಎಂದು ಕೂಗುವರು. ಸತ್ತು ಬಿದ್ದ ಪಾತ್ರವೂ ಎದ್ದು ಮತ್ತೊಮ್ಮೆ ಹಾಡುವುದುಂಟು!

ಬೇಸಿಗೆಯಲ್ಲೇ ನಾಟಕ ಹೆಚ್ಚು ಯಾಕೆ? ಸುಗ್ಗಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಇರುತ್ತದೆ. ಹೊಲದ ಕೆಲಸ ಕಡಿಮೆ. ಮಳೆ ಇಲ್ಲ. ರಾತ್ರಿ ಬಯಲಲ್ಲಿ ಕೂಡಬಹುದು. ಜಾತ್ರೆಗೆ ಜನ ಸೇರುತ್ತಾರೆ. ಬನದ ಹುಣ್ಣಿಮೆಗೆ ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಯಲ್ಲಿ ಹಲವು ಕಂಪನಿಗಳು ಒಟ್ಟಿಗೆ ಬೀಡು ಬಿಡುತ್ತವೆ. ಅಲ್ಲಿಂದ ಊರೂರ ಜಾತ್ರೆ ಸುತ್ತುತ್ತವೆ. ಎರಡು ವರ್ಷಕ್ಕೊಮ್ಮೆ ನಡೆಯುವ ಶಿರಸಿಯ ಮಾರಿಕಾಂಬಾ ಜಾತ್ರೆಗೂ ಹೋಗುತ್ತವೆ.

ಮೊದಮೊದಲು ಹೆಣ್ಣು ಪಾತ್ರವನ್ನೂ ಗಂಡಸರೇ ಮಾಡುತ್ತಿದ್ದರು. ನೂರು ವರ್ಷ ದಾಟಿ ಬಾಳಿದ ಏಣಗಿ ಬಾಳಪ್ಪನವರು ಚಿಕ್ಕವರಿದ್ದಾಗ ಹೆಣ್ಣು ಪಾತ್ರ ಮಾಡಿದವರೇ. ಆಮೇಲೆ ಹೆಣ್ಣುಮಕ್ಕಳು ರಂಗಕ್ಕೆ ಬಂದರು. ಬೀಳಗಿಯ ಅಮೀರಬಾಯಿ ಕರ್ನಾಟಕಿ ಹಾಡುತ್ತ ಹಾಡುತ್ತ ಮುಂಬಯಿ ಸಿನಿಮಾದ ತನಕ ಹೋದರು. ಮೈಸೂರಿನ ಆರ್. ನಾಗರತ್ನಮ್ಮನವರು 1958ರಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿದರು. ಅದರಲ್ಲಿ ಎಲ್ಲರೂ ಹೆಂಗಸರೇ. ನಾಗರತ್ನಮ್ಮನವರೇ ಕಂಸ, ರಾವಣನ ಪಾತ್ರ ಮಾಡಿ ಗರ್ಜಿಸಿದರು! 2012ರಲ್ಲಿ ಸರಕಾರ ಅವರಿಗೆ ಪದ್ಮಶ್ರೀ ಕೊಟ್ಟಿತು. ಬಳ್ಳಾರಿಯ ಸುಭದ್ರಮ್ಮ ಮನ್ಸೂರು 'ರಕ್ತರಾತ್ರಿ' ನಾಟಕದ ದ್ರೌಪದಿಯಾಗಿ ಹಾಡಿ ಹೆಸರಾದರು. ಅವರು 2020ರಲ್ಲಿ ತೀರಿಕೊಂಡರು.

ಇವರ ದಾರಿ ಸುಲಭ ಇರಲಿಲ್ಲ. ರಾತ್ರಿ ಚಪ್ಪಾಳೆ ತಟ್ಟಿದ ಜನರೇ ಹಗಲು ಪಾತ್ರ ಮಾಡುವ ಹೆಣ್ಣಿಗೆ ಬಾಡಿಗೆ ಮನೆ ಕೊಡಲು ಹಿಂಜರಿದರು. ಹಾಡು ಬೇಕು, ಹಾಡಿದವಳು ಬೇಡ ಅಂದರೆ ಯಾವ ನ್ಯಾಯ? ನೀವೇ ಹೇಳಿ.

ಈಗ ನಮ್ಮೂರ ಜಾತ್ರೆಗೆ ಬರೋಣ. ನಾವು ಕೇಂದ್ರ ಸೇರಿದ ಮೇಲಿನ ಮೊದಲ ಜಾತ್ರೆ ಅದು. ಅಗಸಿಯ ಮುಂದೆ ಬೋರ್ಡು ನಿಲ್ಲಿಸಿದ್ದರು. ನಾವು ಎಂಟು ಮಂದಿ ಹೋದೆವು. ದೊಡ್ಡವ್ವ ಮುಂದೆ ನಿಂತಳು. ಬೆರಳಿಟ್ಟು ಓದಿದಳು.

"ರ... ರಕ... ತ..."

ಒತ್ತಕ್ಷರಕ್ಕೆ ತಡೆದಳು. ಯಾರೂ ಹೇಳಿಕೊಡಲಿಲ್ಲ. ಮತ್ತೆ ಮೊದಲಿಂದ ಹಿಡಿದಳು.

"ರಕ್ತ... ರಾತ್ರಿ. ರಕ್ತರಾತ್ರಿ!"

ಅವಳ ಕಣ್ಣು ತುಂಬಿದವು. ಆ ಹಾಡುಗಳನ್ನು ಅವಳು ಬಲ್ಲಳು. ಹೆಸರನ್ನು ಮಾತ್ರ ಮೊದಲ ಸಲ ಕಣ್ಣಿಂದ ಕಂಡಳು. ಕೆಳಗಿನ ಸಾಲು ನಾವು ಓದಿದೆವು. ಎಷ್ಟು ಗಂಟೆಗೆ ಶುರು, ಟಿಕೆಟ್ ಎಷ್ಟು, ಎಲ್ಲ ಗೊತ್ತಾಯಿತು. ಟಿಕೆಟ್ ಕೊಂಡೆವು. ಚಿಲ್ಲರೆ ಎಣಿಸಿ ತೆಗೆದುಕೊಂಡೆವು.

ಅಂದು ರಾತ್ರಿ ಮಕ್ಕಳನ್ನು ಕಳೆದುಕೊಂಡ ದ್ರೌಪದಿ ಹಾಡಿದಳು. ನಾವು ಸೆರಗಿನಿಂದ ಕಣ್ಣು ಒರೆಸಿಕೊಂಡೆವು. ದೊಡ್ಡವ್ವ ಮೆಲ್ಲಗೆ ಜೊತೆಗೆ ಹಾಡುತ್ತಿದ್ದಳು. ಮುಂದಿನ ಸಾಲಿನವರು ತಿರುಗಿ ನೋಡಿದರು. ಅವಳು ನಿಲ್ಲಿಸಲಿಲ್ಲ.

ಮರುದಿನ ಬೇರೆ ಬೋರ್ಡು ಬಂತು. ಓದಿದೆವು. ಅದು ನಮಗೆ ಬೇಡವಾಗಿತ್ತು. ಮನೆಯಲ್ಲೇ ಉಳಿದೆವು. ಬೇಕಾದದ್ದನ್ನು ಆರಿಸುವುದು, ಬೇಡವಾದದ್ದನ್ನು ಬಿಡುವುದು ಈಗ ನಮ್ಮ ಕೈಯಲ್ಲಿದೆ.

ಓದಿ, ಮಾತಾಡಿ
1. ದೊಡ್ಡವ್ವ ಅಕ್ಷರ ಕಲಿಯಲು ಯಾಕೆ ಬಂದಳು?
2. ಬೇಸಿಗೆಯಲ್ಲಿ ನಾಟಕ ಹೆಚ್ಚು ಯಾಕೆ? ಮೂರು ಕಾರಣ ಹೇಳಿ.
3. ಸ್ತ್ರೀ ನಾಟಕ ಮಂಡಳಿ ಕಟ್ಟಿದವರು ಯಾರು? ಯಾವ ವರ್ಷ?
4. ನೀವು ನೋಡಿದ ನಾಟಕದ ಹೆಸರು ಬರೆಯಿರಿ. ಅದರ ಒಂದು ಹಾಡನ್ನು ಎಲ್ಲರೂ ಕೂಡಿ ಹಾಡಿ.

ಒತ್ತಕ್ಷರದ ಪದ ಬರೆಯಿರಿ
ರಕ್ತ, ರಾತ್ರಿ, ಜಾತ್ರೆ, ಸುಗ್ಗಿ, ಪಾತ್ರ, ಸ್ತ್ರೀ