ಮೊನಾರ್ಕ್ ಚಿಟ್ಟೆಯನ್ನು ಸಾಕುವದೂ ಸಾಕುವವರಿಗೆ ಆಗುವ ನಷ್ಟವೂ

ಕೆರೆಯ ಏರಿಯ ಮೇಲೂ ಹಾಳುಬಿದ್ದ ಹೊಲದ ಬದುವಿನಲ್ಲಿಯೂ ತಾನಾಗಿ ಬೆಳೆಯುವ ಎಕ್ಕದ ಗಿಡವನ್ನು ನೀವೆಲ್ಲರೂ ಬಲ್ಲಿರಿ. ಅದರ ಎಲೆಗಳನ್ನು ತಿರುವಿ ನೋಡಿದರೆ, ಕಪ್ಪು ಬಿಳುಪು ಹಳದಿ ಪಟ್ಟೆಗಳುಳ್ಳ, ಕೂದಲಿಲ್ಲದ ನುಣುಪಾದ ಹುಳವೊಂದು ಕೆಲವು ಸಾರಿ ಕಣ್ಣಿಗೆ ಬೀಳುವದು. ನಮ್ಮ ಬಯಲುಗಳಲ್ಲಿ ಹಾರಾಡುವ ಕಿತ್ತಳೆ ಬಣ್ಣದ ಚಿಟ್ಟೆಯು ಇದರಿಂದಲೇ ಹುಟ್ಟುವದು. ಈ ಚಿಟ್ಟೆಗೆ ಸಮುದ್ರದ ಆಚೆ, ಉತ್ತರ ಅಮೇರಿಕ ಖಂಡದಲ್ಲಿ, ಗಾತ್ರದಲ್ಲಿ ದೊಡ್ಡದಾದ ಒಬ್ಬ ದಾಯಾದಿಯುಂಟು. ಅದಕ್ಕೆ ಮೊನಾರ್ಕ್, ಅಂದರೆ ಅರಸ, ಎಂದು ಹೆಸರು. ಅದರ ಹುಳವೂ ಎಕ್ಕದ ಬಳಗಕ್ಕೆ ಸೇರಿದ ಮಿಲ್ಕ್‌ವೀಡ್ ಎಂಬ ಹಾಲುಗಿಡದ ಎಲೆಯನ್ನಲ್ಲದೆ ಬೇರೊಂದನ್ನು ತಿಂದು ಬೆಳೆಯಲಾರದು.

ಈ ಚಿಟ್ಟೆಯ ದೊಡ್ಡ ಸೋಜಿಗವೇನಂದರೆ ಅದರ ಪ್ರಯಾಣ. ಬೇಸಗೆಯಲ್ಲಿ ಹುಟ್ಟಿದವುಗಳು ಕೆಲವು ವಾರ ಮಾತ್ರ ಬದುಕುವವು. ಚಳಿಗಾಲಕ್ಕೆ ಮುಂಚೆ ಹುಟ್ಟಿದವುಗಳಾದರೋ ಎಂಟೊಂಬತ್ತು ತಿಂಗಳು ಬದುಕಿ, ಕೆನಡಾ ದೇಶದ ಸೀಮೆಯಿಂದ ಮೆಕ್ಸಿಕೋ ದೇಶದ ಬೆಟ್ಟಗಳ ವರೆಗೆ ಸುಮಾರು 4000 ಕಿಲೋಮೀಟರು ಹಾರಿಹೋಗುವವು. ಟೊರೊಂಟೊ ಪಟ್ಟಣದ ಫ್ರೆಡ್ ಅರ್ಕಾರ್ಟ್ ಎಂಬ ಪಂಡಿತನೂ ಅವನ ಪತ್ನಿ ನೋರಾ ಎಂಬಾಕೆಯೂ ಇವು ಎಲ್ಲಿಗೆ ಹೋಗುತ್ತವೆಂದು ಹಲವು ದಶಕಗಳ ಕಾಲ ಹುಡುಕಿದರು. ಅವರ ಸಹಾಯಕರಾದ ಕೆನ್ ಬ್ರಗರ್ ಮತ್ತು ಕತಲೀನ ಅಗ್ವಾದೊ ಎಂಬವರು 1975ನೇ ಜನವರಿಯಲ್ಲಿ ಮೆಕ್ಸಿಕೋ ದೇಶದ ಎತ್ತರದ ಕಾಡಿನ ಮರಗಳಲ್ಲಿ ಚಿಟ್ಟೆಗಳು ಎಲೆಗಳಿಗಿಂತ ದಟ್ಟವಾಗಿ ತೂಗುತ್ತಿರುವದನ್ನು ಕಂಡರು. ಆ ಬೆಟ್ಟದ ಸುತ್ತಲಿನ ಹಳ್ಳಿಯವರಿಗೆ ಅದು ಮೊದಲಿನಿಂದಲೂ ತಿಳಿದ ವಿಷಯವೇ ಆಗಿತ್ತೆಂಬದನ್ನೂ ಇಲ್ಲಿ ಹೇಳಬೇಕು.

ಅಲ್ಲಿ ಚಿಟ್ಟೆಗಳನ್ನು ತಲೆ ಎಣಿಸಲಾಗದು. ಆದಕಾರಣ ಅವು ಮುಚ್ಚಿದ ಕಾಡಿನ ನೆಲವನ್ನು ಅಳೆಯುತ್ತಾರೆ. 1996–97ನೇ ಚಳಿಗಾಲದಲ್ಲಿ ಅದು 18 ಹೆಕ್ಟೇರಿಗೆ ಮೇಲ್ಪಟ್ಟಿತ್ತು. 2013–14ರಲ್ಲಿ ಒಂದು ಹೆಕ್ಟೇರು ಸಹ ಇರಲಿಲ್ಲ. ಕಳೆನಾಶಕ ಔಷಧಗಳಿಂದ ಜೋಳ, ಸೋಯಾ ಹೊಲಗಳೊಳಗಿನ ಹಾಲುಗಿಡ ಅಳಿದುಹೋದದ್ದು, ಮೆಕ್ಸಿಕೋದಲ್ಲಿ ಮರ ಕಡಿದದ್ದು, ಹವೆ ಕೆಟ್ಟದ್ದು, ಇವೆಲ್ಲವನ್ನೂ ಇದಕ್ಕೆ ಕಾರಣವಾಗಿ ಹೇಳುತ್ತಾರೆ. ಇದನ್ನು ಕೇಳಿ ಮನಮರುಗಿದ ಅನೇಕ ಮನೆಯವರು ಹಿತ್ತಲಿನ ಗಿಡದಿಂದ ಮೊಟ್ಟೆಗಳನ್ನು ತಂದು, ಬಲೆಯ ಗೂಡಿನಲ್ಲಿ ಹುಳಗಳನ್ನು ಸಾಕಿ, ಚಿಟ್ಟೆಗಳನ್ನು ಬಿಡುವ ರೂಢಿಯನ್ನು ಹಿಡಿದರು. ಅವರಿಗೆ ಬರುವ ಕಷ್ಟವೇ ಈ ಪಾಠದ ವಿಷಯವು.

ರೇಷ್ಮೆ ಹುಳವನ್ನು ಮೇಯಿಸಿದವರಿಗೆ ಈ ಕೆಲಸವನ್ನು ಹೆಚ್ಚಾಗಿ ವಿವರಿಸಬೇಕಾದದ್ದಿಲ್ಲ. ಮೊಟ್ಟೆ ಒಡೆಯುವದಕ್ಕೆ ಮೂರರಿಂದ ಐದು ದಿವಸ. ಹುಳವು ಎರಡು ವಾರದೊಳಗೆ ನಾಲ್ಕು ಸಾರಿ ಪೊರೆ ಕಳಚುವದು. ನಮ್ಮವರು ಜ್ವರವೆಂದು ಕರೆಯುವದು ಇದನ್ನೇ. ಆ ಹೊತ್ತಿನಲ್ಲಿ ಅದು ಅಲ್ಲಾಡದೆ ಇರುವದು. ಸತ್ತಿತೆಂದು ತಿಳಿದು ಕಿತ್ತೆಸೆದವರೂ, ಕರುಣೆಯಿಂದ ಬೇರೆ ಎಲೆಗೆ ಎತ್ತಿಟ್ಟು ಕೊಂದವರೂ ಉಂಟು. ಕಡೆಗೆ ಹುಳವು ತಲೆಕೆಳಗಾಗಿ ತೂಗಿ, ಚರ್ಮವನ್ನು ಕಳಚಿ, ಬಂಗಾರದ ಚುಕ್ಕೆಗಳುಳ್ಳ ಹಸುರು ಕೋಶವಾಗುವದು. ಹತ್ತು ಹನ್ನೆರಡು ದಿವಸಗಳಾದ ಮೇಲೆ ಕೋಶವು ಗಾಜಿನಂತೆ ತಿಳಿಯಾಗಿ ಒಳಗಿನ ರೆಕ್ಕೆಗಳ ಬಣ್ಣ ಕಾಣುವದು. ಆ ಮೇಲೆ ಚಿಟ್ಟೆಯು ಹೊರಬರುವದು.

ಇಷ್ಟರೊಳಗೆ ಎಷ್ಟೋ ಸಾಯುವವು. ಮೊದಲ ಸಾರಿ ಸಾಕುವವನು ಇದನ್ನು ನೋಡಿ, ನನ್ನ ಕೈಯೇ ಕೆಟ್ಟದ್ದೆಂದು ಕೊರಗುವನು. ಅವನು ಒಂದು ಲೆಕ್ಕವನ್ನು ಮಾಡಿ ನೋಡಲಿ. ತಾಯಿಚಿಟ್ಟೆಯು ಮುನ್ನೂರರಿಂದ ಐನೂರು ಮೊಟ್ಟೆಗಳನ್ನು ಇಡುವದು. ಸಂತಾನವು ಕುಗ್ಗದೆ ನಿಲ್ಲಬೇಕಾದರೆ ಅವುಗಳಲ್ಲಿ ಎರಡು ಬದುಕಿ ಮೊಟ್ಟೆಯಿಟ್ಟರೆ ಸಾಕು. ಹೊಲದಲ್ಲಿ ಇರುವೆ, ಜೇಡ, ಕಣಜ, ಮಳೆ, ಇವೆಲ್ಲ ಸೇರಿ ನೂರರಲ್ಲಿ ತೊಂಭತ್ತಕ್ಕೂ ಹೆಚ್ಚನ್ನು ಮುಗಿಸಿಬಿಡುವವು. ಹೀಗಿರಲಾಗಿ ಮನೆಯಲ್ಲಿ ಹತ್ತರೊಳಗೆ ಮೂರು ಸತ್ತರೆ ಅದು ಅಪರಾಧವಲ್ಲ. ಆದರೆ ಆ ಮೂರೂ ಯಾವ ಬಗೆಯಾಗಿ ಸತ್ತವೆಂಬದನ್ನು ವಿಚಾರಿಸದಿರುವದು ಮಾತ್ರ ತಪ್ಪೇ.

ಕೆಲವು ಸಾವು ಹೊಲದಿಂದಲೇ ಜೊತೆಯಲ್ಲಿ ಬಂದದ್ದು. ದಪ್ಪಗೆ ಬೆಳೆದ ಹುಳವು ತೂಗಿದ ಮೇಲೆ ಬಾಡಿ, ಬಿಳೀ ದಾರದಂಥ ಎಳೆಯು ಕೆಳಗೆ ಇಳಿಬಿದ್ದರೆ, ಒಂದು ಜಾತಿಯ ನೊಣವು ಮುಂಚೆಯೇ ಅದರ ಮೇಲೆ ಮೊಟ್ಟೆಯಿಟ್ಟಿತ್ತೆಂದೂ ಅದರ ಮರಿಗಳು ಒಳಗಿದ್ದು ತಿಂದವೆಂದೂ ತಿಳಿಯಬೇಕು. 1980ರಲ್ಲಿ ಕರ್ನಾಟಕಕ್ಕೆ ಬಂದು ರೇಷ್ಮೆಯವರನ್ನು ಗೋಳಾಡಿಸಿದ ಊಜಿ ನೊಣವು ಇದೇ ಬಳಗದ್ದು. ಇದಕ್ಕೆ ಮದ್ದಿಲ್ಲ. ದೊಡ್ಡ ಹುಳವನ್ನು ತರದೆ ಮೊಟ್ಟೆಯನ್ನೇ ತಂದು ಬಲೆಯೊಳಗಿಟ್ಟರೆ ನೊಣದ ಕಾಟ ತಪ್ಪುವದು.

ಕೆಲವು ನಮ್ಮ ಅಜಾಗ್ರತೆಯಿಂದ ಆಗುವವು. ಅಂಗಡಿಯಿಂದ ಕೊಂಡ ಗಿಡಕ್ಕೆ ಕೀಟನಾಶಕವನ್ನು ಸಿಂಪಡಿಸಿದ್ದರೆ ಒಂದೇ ದಿನದಲ್ಲಿ ಎಲ್ಲಾ ಹುಳಗಳೂ ಸುರುಟಿ ಬೀಳಬಹುದು. ಹಿಕ್ಕೆಯನ್ನು ದಿನಾಲೂ ತೆಗೆಯದೆ, ಒದ್ದೆಯ ಎಲೆಯನ್ನು ಹಾಕಿ, ಒಂದೇ ಗೂಡಿನಲ್ಲಿ ಬಹಳ ಹುಳಗಳನ್ನು ಕಿಕ್ಕಿರಿಸಿದರೆ, ಅವು ಕಪ್ಪಾಗಿ ಮೆತ್ತಗಾಗಿ ಜೋತುಬೀಳುವವು. ಕೋಶದ ಹತ್ತಿರ ಹಿಡಿಯುವದಕ್ಕೆ ಒರಟಾದ ಆಸರೆಯಿಲ್ಲದಿದ್ದರೆ ಹೊಸ ಚಿಟ್ಟೆಯು ಜಾರಿ ಬೀಳುವದು. ರೆಕ್ಕೆ ಮುದುಡಿದಂತೆಯೇ ಒಣಗಿದರೆ ಅದು ಎಂದಿಗೂ ಹಾರದು. ಇವೆಲ್ಲ ಮುಂದಿನ ಸಾರಿ ತಿದ್ದಿಕೊಳ್ಳಬಹುದಾದವುಗಳು.

ಎಲ್ಲಕ್ಕಿಂತ ಕಠಿಣವಾದದ್ದು ಇನ್ನೊಂದುಂಟು. ಕಣ್ಣಿಗೆ ಕಾಣದಷ್ಟು ಸಣ್ಣದಾದ, ಪಂಡಿತರು ಓ.ಇ. ಎಂದು ಚಿಕ್ಕದಾಗಿ ಕರೆಯುವ, ಒಂದು ಜೀವಿಯು ಈ ಚಿಟ್ಟೆಯ ಮೈಯಲ್ಲಿ ಬೆಳೆಯುವದು. ರೋಗವುಳ್ಳ ತಾಯಿಯ ಹೊಟ್ಟೆಯ ಮೇಲಿನ ಬೀಜದಂಥ ಕಣಗಳು ಮೊಟ್ಟೆಯ ಮೇಲೂ ಎಲೆಯ ಮೇಲೂ ಉದುರಲು, ಮರಿಯು ಅವನ್ನು ತಿಂದು ರೋಗಕ್ಕೆ ಒಳಗಾಗುವದು. ಬಹಳವಾಗಿ ಸೋಂಕಿದವು ಕೋಶದಿಂದ ಬಿಡಿಸಿಕೊಳ್ಳಲಾರದೆ ಸಾಯುವವು. ಅಲ್ಪವಾಗಿ ಸೋಂಕಿದವುಗಳೋ ನೋಡುವದಕ್ಕೆ ಸೊಗಸಾಗಿಯೇ ಇರುವವು. ಆದದರಿಂದ ಚಿಟ್ಟೆಯ ಹೊಟ್ಟೆಗೆ ಅಂಟುಪಟ್ಟಿಯನ್ನು ಮೆಲ್ಲಗೆ ಒತ್ತಿ, ಅದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ನಿಂಬೆಕಾಯಿಯ ಆಕಾರದ ಕಣಗಳಿವೆಯೋ ಎಂದು ಪರೀಕ್ಷಿಸುತ್ತಾರೆ. ಫ್ರಾನ್ಸ್ ದೇಶದ ಲೂಯಿ ಪಾಸ್ಚರ್ ಎಂಬ ಪಂಡಿತನು 1865ರಿಂದ ಕೆಲವು ವರ್ಷ ರೇಷ್ಮೆಯ ಗಂಟುರೋಗದ ವಿಷಯದಲ್ಲಿ ಪ್ರಯಾಸಪಟ್ಟು, ತಾಯಿಚಿಟ್ಟೆಯನ್ನು ಅರೆದು ನೋಡಿ ರೋಗ ಕಂಡರೆ ಅದರ ಮೊಟ್ಟೆಗಳನ್ನು ನಾಶಮಾಡಬೇಕೆಂದು ಕಲಿಸಿದನಷ್ಟೆ. ಇದೂ ಅದರ ಜಾಡಿನದೇ.

ಕಣಗಳು ಕಂಡರೆ ಆ ಚಿಟ್ಟೆಯನ್ನು ಹೊರಗೆ ಬಿಡಬಾರದು. ಒಂದು ಕಾಗದದ ಲಕೋಟೆಯೊಳಗಿಟ್ಟು ಫ್ರೀಜರ್ ಪೆಟ್ಟಿಗೆಯ ಚಳಿಯಲ್ಲಿ ಇಟ್ಟುಬಿಡುವದು ಅಲ್ಲಿಯ ರೂಢಿ. ಮೊಟ್ಟೆಯಿಂದ ಒಂದು ತಿಂಗಳು ಕಾದು ಬೆಳೆಸಿದ್ದನ್ನು, ಅದೂ ರೆಕ್ಕೆಯಾಡಿಸುತ್ತಿರುವದನ್ನು, ಹೀಗೆ ಮಾಡುವದಕ್ಕೆ ಯಾರಿಗೆ ಕೈ ಬಂದೀತು? ಒಂದೇ ಅಲ್ಲವೇ, ಹೋಗಲಿ ಎಂದು ಬಿಟ್ಟವರು ಬಹಳ. ಆದರೆ ಅದು ಹೋಗಿ ಕುಳಿತ ಗಿಡಗಳಲ್ಲೆಲ್ಲ ರೋಗವನ್ನು ಬಿತ್ತುವದು. ಆ ಕಣಗಳು ಬಿಸಿಲಿಗೂ ನೀರಿಗೂ ಸುಲಭವಾಗಿ ಸಾಯುವದಿಲ್ಲ. ಗೂಡನ್ನು ಒಂದು ಪಾಲು ಬ್ಲೀಚಿಗೆ ನಾಲ್ಕು ಪಾಲು ನೀರು ಬೆರಸಿ ತೊಳೆಯಬೇಕು.

ರೋಗವಿಲ್ಲದೆ ರೆಕ್ಕೆ ಮಾತ್ರ ಮುದುಡಿದ ಚಿಟ್ಟೆಯ ಮಾತು ಬೇರೆ. ಹೂವುಗಳ ಮೇಲಿಟ್ಟು, ಸಕ್ಕರೆ ನೀರನ್ನು ಕೊಟ್ಟು, ಇದ್ದಷ್ಟು ದಿನ ನೋಡಿಕೊಳ್ಳುವವರನ್ನು ಹುಚ್ಚರೆಂದು ನಾವು ಹೇಳುವದಿಲ್ಲ.

ಒಂದು ಸಾವಿರ ಚಿಟ್ಟೆಗಳನ್ನು ಸಾಕಿ ಬಿಟ್ಟೆನೆಂದು ಹಿಗ್ಗುವವರೂ ಇದ್ದಾರೆ. ಇದರಿಂದ ಲಾಭಕ್ಕಿಂತ ಹಾನಿಯೇ ಹೆಚ್ಚೆಂದು ಅಲ್ಲಿಯ ಸಂರಕ್ಷಕರ ಎಣಿಕೆ. ಒಂದು ಮನೆಗೆ ವರ್ಷಕ್ಕೆ ಹತ್ತಕ್ಕೆ ಮೀರಬಾರದೆಂದು ಅವರು ಬುದ್ಧಿಹೇಳುತ್ತಾರೆ. ಚಿಕಾಗೋ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ್ದೇನಂದರೆ, ಮನೆಯೊಳಗೆ ಬೆಳೆದ ಚಿಟ್ಟೆಗಳು ದಕ್ಷಿಣ ದಿಕ್ಕನ್ನು ಹಿಡಿಯಲಾರದೆ ಹೋದವು. ಎರಡು ವರ್ಷಗಳ ಮೇಲೆ ಕೆನಡಾದವರು, ಅಂಥವನ್ನು ಹೊರಗೆ ಬಿಟ್ಟರೆ ಹೆಚ್ಚಿನವು ದಕ್ಷಿಣಕ್ಕೇ ಹೋಗುವವೆಂದು ಕಂಡರು. ಪಂಡಿತರು ಒಪ್ಪದಿರುವಲ್ಲಿ ಸ್ವಲ್ಪವೇ ಸಾಕುವದು ಕ್ಷೇಮ. ಹುಳಕ್ಕೆ ಬೇಕಾದ ಗಿಡವನ್ನು ಹಿತ್ತಲಲ್ಲಿ ಬೆಳೆಸಿ, ಅದನ್ನು ಅದರ ಪಾಡಿಗೆ ಬಿಟ್ಟರೆ ಇನ್ನೂ ಲೇಸು.

ಹೀಗೆ ಬಿಟ್ಟವರಿಗೂ ಕೆಲಸವಿದೆ. 1990ರ ದಶಕದಿಂದ ಮಿನಸೋಟ ವಿಶ್ವವಿದ್ಯಾಲಯದವರು ನಡೆಸಿದ ಒಂದು ಯೋಜನೆಯಲ್ಲಿ ಸಾಮಾನ್ಯ ಜನರು, ಶಾಲೆಯ ಮಕ್ಕಳು ಸಹ, ವಾರಕ್ಕೊಮ್ಮೆ ಗಿಡಗಳ ಬಳಿಗೆ ಹೋಗಿ, ಎಲೆಗಳನ್ನು ಒಂದೊಂದಾಗಿ ತಿರುವಿ, ಮೊಟ್ಟೆ ಎಷ್ಟು, ಹುಳ ಎಷ್ಟು ಎಂದು ಪುಸ್ತಕದಲ್ಲಿ ಬರೆದಿಡುತ್ತಾ ಬಂದರು. ಹೋದ ವಾರ ಹನ್ನೆರಡು ಇದ್ದ ಕಡೆಯಲ್ಲಿ ಈ ವಾರ ಒಂದೇ ಇದ್ದರೆ, ಒಂದು ಎಂದೇ ಬರೆಯುತ್ತಾರೆ.